ಕಾಲ ತಿಳಿಯದ ಚಿತ್ರಗಳು: ಅಮೆರಿಕದ ಉಗಿ ಎಂಜಿನ್ನುಗಳ ಹಳೆಯ ಛಾಯಾಚಿತ್ರಗಳ ಕಾಲನಿರ್ಣಯ

೧

ಇತಿಹಾಸದ ಆಧಾರಸಾಮಗ್ರಿಗಳನ್ನು ಎಣಿಸುವಾಗ ನಾವು ವಾಡಿಕೆಯಾಗಿ ಶಾಸನಗಳು, ನಾಣ್ಯಗಳು, ಕಡತಗಳು, ಕಾವ್ಯಗಳು, ಪ್ರವಾಸಿಗರ ಬರೆಹಗಳು ಎಂದು ಹೇಳಿ ನಿಲ್ಲಿಸುತ್ತೇವೆ. ೧೮೩೯ರಿಂದ ಈಚೆಗೆ ಈ ಸಾಲಿಗೆ ಛಾಯಾಚಿತ್ರವೂ ಸೇರಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧವನ್ನು ಕುರಿತು ಬರೆಯುವವರು ಇದನ್ನು ಕೈಬಿಡುವಂತಿಲ್ಲ. ಆದರೆ ಶಾಸನವನ್ನು ಓದುವುದಕ್ಕೆ ಬೇಕಾದ ಶಿಸ್ತು ನಮ್ಮಲ್ಲಿ ಬೆಳೆದಿರುವ ಮಟ್ಟಿಗೆ ಛಾಯಾಚಿತ್ರವನ್ನು ಓದುವ ಶಿಸ್ತು ಬೆಳೆದಿಲ್ಲ. ಶಾಸನವೊಂದರಲ್ಲಿ ಶಕವರ್ಷವಿಲ್ಲದಿದ್ದರೆ ನಾವು ಲಿಪಿಯನ್ನು ನೋಡುತ್ತೇವೆ, ಭಾಷೆಯನ್ನು ನೋಡುತ್ತೇವೆ, ಅರಸನ ಹೆಸರು ಬಿರುದುಗಳನ್ನು ಇತರ ಶಾಸನಗಳೊಡನೆ ಹೋಲಿಸುತ್ತೇವೆ. ಇಷ್ಟೆಲ್ಲ ಮಾಡಿದ ಮೇಲೆಯೇ ಅದರ ಕಾಲವನ್ನು ಕುರಿತು ಒಂದು ಮಾತು ಆಡುತ್ತೇವೆ. ಛಾಯಾಚಿತ್ರದ ವಿಷಯದಲ್ಲಾದರೋ ಅದರ ಅಡಿಯಲ್ಲಿ ಯಾರೋ ಎಂದೋ ಬರೆದಿಟ್ಟ ಒಂದು ಸಾಲನ್ನು ನಂಬಿ ಮುಂದೆ ಸಾಗುತ್ತೇವೆ.

ಇದರಿಂದ ಒದಗುವ ಹಾನಿ ಅಲ್ಪವಾದುದಲ್ಲ. ತಪ್ಪು ವರ್ಷವನ್ನು ಹೊತ್ತ ಚಿತ್ರವೊಂದು ಗ್ರಂಥದಲ್ಲಿ ಅಚ್ಚಾದರೆ ಮುಂದಿನವರು ಅದನ್ನು ಆಧಾರವೆಂದು ಎತ್ತಿಕೊಳ್ಳುತ್ತಾರೆ. ಆ ಚಿತ್ರದಲ್ಲಿ ಕಾಣುವ ಸೇತುವೆ, ನಿಲ್ದಾಣ, ಯಂತ್ರಭಾಗ, ಉಡುಪು ಎಲ್ಲವೂ ಆ ವರ್ಷದಲ್ಲಿ ಇದ್ದುವೆಂದು ಸಿದ್ಧವಾಗಿಬಿಡುತ್ತದೆ. ಹೀಗೆ ಒಂದು ತಪ್ಪು ಹತ್ತು ತಪ್ಪುಗಳಿಗೆ ತಾಯಿಯಾಗುತ್ತದೆ.

ಛಾಯಾಚಿತ್ರಗಳ ಕಾಲನಿರ್ಣಯದ ಕ್ರಮವನ್ನು ಒಂದು ನಿರ್ದಿಷ್ಟ ವರ್ಗದ ಚಿತ್ರಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉಗಿ ಎಂಜಿನ್ನುಗಳ ಮತ್ತು ರೈಲುಗಾಡಿಗಳ ಚಿತ್ರಗಳನ್ನು ನಾವು ಆರಿಸಿಕೊಂಡಿರುವುದಕ್ಕೆ ಮೂರು ಕಾರಣಗಳುಂಟು. ಮೊದಲನೆಯದಾಗಿ, ಅಲ್ಲಿ ರೈಲ್ವೆಯನ್ನು ನಡೆಸುತ್ತಿದ್ದವು ನೂರಾರು ಖಾಸಗಿ ಕಂಪನಿಗಳು. ತಮ್ಮ ಹೆಸರನ್ನೂ ಅಂಕೆಯನ್ನೂ ಅವು ಪ್ರತಿಯೊಂದು ಎಂಜಿನ್ನಿನ, ಪ್ರತಿಯೊಂದು ವ್ಯಾಗನ್ನಿನ ಮೈಮೇಲೆ ಬರೆಯುತ್ತಿದ್ದವು. ಎರಡನೆಯದಾಗಿ, ಎಂಜಿನ್ ತಯಾರಕರು ತಮ್ಮ ಪ್ರತಿಯೊಂದು ಎಂಜಿನ್ನಿಗೂ ಕ್ರಮಸಂಖ್ಯೆ ಕೊಡುತ್ತಿದ್ದರು. ಮೂರನೆಯದಾಗಿ, ಯಂತ್ರಭಾಗಗಳಲ್ಲಿ ಆದ ಕೆಲವು ಮಾರ್ಪಾಟುಗಳ ಹಿಂದೆ ಖಚಿತವಾದ ದಿನಾಂಕವುಳ್ಳ ಹಕ್ಕುಪತ್ರಗಳೂ ಶಾಸನಸಭೆಯ ಕಾಯಿದೆಗಳೂ ಇವೆ. ಆದುದರಿಂದ ಸಾಧನೆಗೂ ಪರೀಕ್ಷೆಗೂ ಇಲ್ಲಿ ಒಳ್ಳೆಯ ಅವಕಾಶವಿದೆ.

ಮುಂದಿನ ಚರ್ಚೆಯಲ್ಲಿ ಎರಡು ಪದಗಳನ್ನು ಬಳಸುತ್ತೇವೆ. ‘ಇದಕ್ಕಿಂತ ಹಿಂದಿನದಾಗಿರಲಾರದು’ ಎಂಬ ಮೇರೆಯನ್ನು ಪೂರ್ವಾವಧಿಯೆಂದೂ ‘ಇದಕ್ಕಿಂತ ಈಚಿನದಾಗಿರಲಾರದು’ ಎಂಬ ಮೇರೆಯನ್ನು ಉತ್ತರಾವಧಿಯೆಂದೂ ಕರೆಯೋಣ. ಚಿತ್ರವೊಂದರ ಕಾಲವನ್ನು ಕಂಡುಹಿಡಿಯುವುದೆಂದರೆ ಈ ಎರಡು ಮೇರೆಗಳನ್ನು ಸಾಧ್ಯವಾದಷ್ಟು ಹತ್ತಿರಕ್ಕೆ ತರುವುದೇ ಆಗಿದೆ.

೨

ಕಾಲ ತಿಳಿಯದ ಶಾಸನವನ್ನು ಅಳೆಯುವುದಕ್ಕೆ ಕಾಲ ಖಚಿತವಾದ ಶಾಸನವೊಂದು ಒರೆಗಲ್ಲಾಗಿ ಬೇಕು. ನಮ್ಮ ವಿಷಯದಲ್ಲಿ ಅಂಥ ಒರೆಗಲ್ಲು ೧೮೬೯ರ ಮೇ ೧೦ರಂದು ಯೂಟಾ ಪ್ರಾಂತದ ಪ್ರಾಮಂಟರಿ ಸಮಿಟ್ ಎಂಬಲ್ಲಿ ತೆಗೆದ ಚಿತ್ರಗಳು. ಅಂದು ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ನಗರದಿಂದ ಪೂರ್ವಕ್ಕೆ ೬೯೦ ಮೈಲಿ ಬಂದ ಸೆಂಟ್ರಲ್ ಪೆಸಿಫಿಕ್ ಕಂಪನಿಯ ಹಳಿಗಳೂ, ನೆಬ್ರಾಸ್ಕದ ಒಮಾಹದಿಂದ ಪಶ್ಚಿಮಕ್ಕೆ ೧,೦೮೬ ಮೈಲಿ ಬಂದ ಯೂನಿಯನ್ ಪೆಸಿಫಿಕ್ ಕಂಪನಿಯ ಹಳಿಗಳೂ ಕೂಡಿಕೊಂಡವು. ಎರಡು ಎಂಜಿನ್ನುಗಳು ಎದುರುಬದುರಾಗಿ ಬಂದು ನಿಂತವು. ಆಂಡ್ರ್ಯೂ ರಸೆಲ್, ಆಲ್ಫ್ರೆಡ್ ಹಾರ್ಟ್, ಚಾರ್ಲ್ಸ್ ಸ್ಯಾವೇಜ್ ಎಂಬ ಮೂವರು ಛಾಯಾಗ್ರಾಹಕರು ಅಲ್ಲಿದ್ದರು. ಎರಡು ಕಂಪನಿಗಳ ಮುಖ್ಯ ಎಂಜಿನಿಯರುಗಳಾದ ಮಾಂಟೇಗ್ ಮತ್ತು ಡಾಜ್ ಕೈಕುಲುಕುತ್ತಿರುವ, ಎಂಜಿನ್ನುಗಳ ಮೇಲೆ ಹತ್ತಿ ನಿಂತವರು ಸೀಸೆಗಳನ್ನು ಚಾಚುತ್ತಿರುವ ರಸೆಲರ ಚಿತ್ರವನ್ನು ಅಮೆರಿಕದ ಇತಿಹಾಸವನ್ನು ಓದಿದವರೆಲ್ಲರೂ ಕಂಡಿರುತ್ತಾರೆ.

ಈ ಚಿತ್ರದಲ್ಲಿ ಎಡಗಡೆಯಿರುವುದು ಸೆಂಟ್ರಲ್ ಪೆಸಿಫಿಕ್ಕಿನ ೬೦ನೆಯ ಸಂಖ್ಯೆಯ ‘ಜುಪಿಟರ್’. ನ್ಯೂಯಾರ್ಕ್ ಸಂಸ್ಥಾನದ ಸ್ಕೆನೆಕ್ಟಡಿ ಕಾರ್ಖಾನೆಯಲ್ಲಿ ೧೮೬೮ರಲ್ಲಿ ತಯಾರಾದುದು. ಬಲಗಡೆಯಿರುವುದು ಯೂನಿಯನ್ ಪೆಸಿಫಿಕ್ಕಿನ ೧೧೯ನೆಯ ಎಂಜಿನ್ನು. ನ್ಯೂಜೆರ್ಸಿಯ ಪ್ಯಾಟರ್ಸನ್ ನಗರದ ರಾಜರ್ಸ್ ಕಾರ್ಖಾನೆಯಲ್ಲಿ ಅದೇ ವರ್ಷ ತಯಾರಾದುದು. ಎರಡೂ ಮುಂದೆ ನಾಲ್ಕು ಸಣ್ಣ ಚಕ್ರಗಳನ್ನೂ ಹಿಂದೆ ನಾಲ್ಕು ದೊಡ್ಡ ಚಾಲಕಚಕ್ರಗಳನ್ನೂ ಉಳ್ಳವು. ಈ ಮಾದರಿಗೆ ‘ಅಮೆರಿಕನ್’ ಎಂದೇ ಹೆಸರು.

ಎಂಜಿನ್ನುಗಳ ಗುರುತಿಗೆ ಛಾಯಾಚಿತ್ರ ಎಷ್ಟು ಬೆಲೆಯುಳ್ಳ ಸಾಕ್ಷಿಯೆಂಬುದು ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಸಮಾರಂಭಕ್ಕೆಂದು ಹೊರಟ ಎಂಜಿನ್ನುಗಳು ಇವಲ್ಲ. ಸೆಂಟ್ರಲ್ ಪೆಸಿಫಿಕ್ಕಿನ ಅಧ್ಯಕ್ಷ ಲೀಲೆಂಡ್ ಸ್ಟ್ಯಾನ್‌ಫರ್ಡರ ವಿಶೇಷ ಗಾಡಿಯನ್ನು ಎಳೆಯಲು ಗೊತ್ತಾಗಿದ್ದುದು ‘ಆಂಟಿಲೋಪ್’ ಎಂಬ ಎಂಜಿನ್ನು. ಮರ ಕಡಿಯುವವರು ಬೆಟ್ಟದಿಂದ ಉರುಳಿಸಿದ ದಿಮ್ಮಿಯೊಂದು ದಾರಿಯಲ್ಲಿ ಅಡ್ಡಬಿದ್ದು ಅದಕ್ಕೆ ಪೆಟ್ಟಾಯಿತು. ಗಾಡಿಯನ್ನು ಬಿಡಿಸಿ ಜುಪಿಟರ್‌ಗೆ ಕಟ್ಟಿದರು. ಇನ್ನೊಂದು ಕಡೆ ಪ್ರವಾಹದಿಂದ ಸಡಿಲಗೊಂಡಿದ್ದ ಸೇತುವೆಯ ಮೇಲೆ ಯೂನಿಯನ್ ಪೆಸಿಫಿಕ್ಕಿನ ಮೊದಲ ಎಂಜಿನ್ನನ್ನು ದಾಟಿಸುವುದು ಅಪಾಯವೆಂದು ಕಂಡುಬಂದಿತು. ಗಾಡಿಗಳನ್ನು ಮಾತ್ರ ದಾಟಿಸಿ, ಅವುಗಳನ್ನು ಎಳೆಯಲು ಆಚೆಯಿಂದ ೧೧೯ನ್ನು ಕರೆಸಿದರು. ಮೇ ೮ಕ್ಕೆ ಗೊತ್ತಾಗಿದ್ದ ಸಮಾರಂಭವೂ ಎರಡು ದಿನ ಮುಂದಕ್ಕೆ ಹೋಯಿತು. ಆದರೆ ಕ್ಯಾಲಿಫೋರ್ನಿಯದ ನಗರಗಳು ಮೊದಲೇ ಸಿದ್ಧತೆ ಮಾಡಿಕೊಂಡಿದ್ದುದರಿಂದ ಮೇ ೮ರಂದೇ ಉತ್ಸವ ನಡೆಸಿಬಿಟ್ಟವು. ಏರ್ಪಾಡಿನ ಕಾಗದಪತ್ರಗಳಷ್ಟೇ ಉಳಿದು ಚಿತ್ರಗಳು ಅಳಿದಿದ್ದರೆ, ಎಂಜಿನ್ನಿನ ಹೆಸರನ್ನೂ ದಿನಾಂಕವನ್ನೂ ನಾವು ತಪ್ಪಾಗಿಯೇ ಬರೆಯುತ್ತಿದ್ದೆವು. ಎಂಜಿನ್ನುಗಳ ಮೈಮೇಲಿನ ಹೆಸರು ಮತ್ತು ಅಂಕೆ ನಮ್ಮನ್ನು ಆ ತಪ್ಪಿನಿಂದ ಉಳಿಸಿವೆ.

೩

ಈಗ ಕಾಲನಿರ್ಣಯಕ್ಕೆ ಸಾಮಾನ್ಯವಾಗಿ ಬಳಸುವ ಲಕ್ಷಣಗಳನ್ನು ಒಂದೊಂದಾಗಿ ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು.

ಚಿತ್ರವನ್ನು ನೋಡಿದೊಡನೆ ಕಣ್ಣಿಗೆ ಬೀಳುವುದು ಎಂಜಿನ್ನಿನ ಚಿಮಣಿ. ಮೇಲೆ ಹೋದಂತೆ ಬಿರಿದು ದೊಡ್ಡ ಆಲಿಕೆಯಂತೆ ಕಾಣುವ ಚಿಮಣಿ ಹಳೆಯದು, ನೆಟ್ಟಗೆ ಕೊಳವೆಯಂತಿರುವ ಚಿಮಣಿ ಈಚಿನದು ಎಂಬುದು ಹವ್ಯಾಸಿಗಳಲ್ಲಿ ರೂಢವಾದ ನಿಯಮ. ಸ್ಥೂಲವಾಗಿ ಇದು ಸುಳ್ಳಲ್ಲ. ಆದರೆ ಪ್ರಾಮಂಟರಿಯ ಚಿತ್ರವನ್ನು ನೋಡಿದರೆ ಇದರ ದೌರ್ಬಲ್ಯ ಗೊತ್ತಾಗುತ್ತದೆ. ಜುಪಿಟರ್‌ನ ಚಿಮಣಿ ಬಿರಿದ ಬಗೆಯದು, ೧೧೯ರದು ನೆಟ್ಟನೆಯದು. ಎರಡು ಎಂಜಿನ್ನುಗಳೂ ಒಂದೇ ವರ್ಷದಲ್ಲಿ ಹುಟ್ಟಿದವು, ಒಂದೇ ದಿನ ಒಂದೇ ಗಾಜಿನ ಫಲಕದ ಮೇಲೆ ಮೂಡಿದವು. ಹಾಗಾದರೆ ವ್ಯತ್ಯಾಸಕ್ಕೆ ಕಾರಣವೇನು? ಜುಪಿಟರ್ ಸೌದೆ ಉರಿಸುವ ಎಂಜಿನ್ನು, ೧೧೯ ಕಲ್ಲಿದ್ದಲನ್ನು ಉರಿಸುವುದು. ಸೌದೆಯ ಹೊಗೆಯಲ್ಲಿ ಕಿಡಿಗಳು ಹೇರಳವಾಗಿ ಹಾರುತ್ತವೆ. ಅವು ಹೊಲಗಳ ಮೇಲೂ ಕಾಡಿನ ಮೇಲೂ ಬೀಳದಂತೆ ಚಿಮಣಿಯೊಳಗೆ ಜಾಲರಿಯನ್ನೂ ತಡೆಗಳನ್ನೂ ಇಡಬೇಕಾಗಿದ್ದಿತು. ಆ ಬಿರಿದ ಆಕಾರ ಅದಕ್ಕಾಗಿ ಬಂದುದು. ಎಂದ ಮೇಲೆ ಚಿಮಣಿ ಮೊದಲು ತಿಳಿಸುವುದು ಇಂಧನವನ್ನು. ಕಾಲವನ್ನು ತಿಳಿಸುವುದು ಇಂಧನದ ಮೂಲಕ ಮಾತ್ರ. ಕಾಡು ದಟ್ಟವಾಗಿದ್ದ ಪ್ರದೇಶಗಳ ಸಣ್ಣ ಮರದ ಕಂಪನಿಗಳು ಸೌದೆಯನ್ನೂ ಬಿರಿದ ಚಿಮಣಿಯನ್ನೂ ಇಪ್ಪತ್ತನೆಯ ಶತಮಾನಕ್ಕೂ ತಂದವು. ಇಂಧನವನ್ನು ವಿಚಾರಿಸದೆ ಚಿಮಣಿಯಿಂದ ವರ್ಷವನ್ನು ಹೇಳುವುದು, ಬರೆದವನ ನಾಡನ್ನು ವಿಚಾರಿಸದೆ ಅಕ್ಷರದ ಒಂದು ತಿರುವಿನಿಂದ ಶತಮಾನವನ್ನು ಹೇಳಿದಂತೆ.

ಗಾಡಿಗಳ ಜೋಡಣೆ ಇದಕ್ಕಿಂತ ಹೆಚ್ಚು ನಂಬತಕ್ಕ ಲಕ್ಷಣ. ಮೊದಲ ದಶಕಗಳಲ್ಲಿ ಎರಡು ಗಾಡಿಗಳ ನಡುವೆ ಒಂದು ಕಬ್ಬಿಣದ ಕೊಂಡಿಯನ್ನು ತೂರಿಸಿ, ಮೇಲಿನಿಂದ ಗೂಟ ಇಳಿಸಿ ಕಟ್ಟುತ್ತಿದ್ದರು. ಚಲಿಸುತ್ತಿರುವ ಗಾಡಿಗಳ ನಡುವೆ ನಿಂತು ಆ ಕೊಂಡಿಯನ್ನು ಕೈಯಲ್ಲಿ ಹಿಡಿಯಬೇಕಾಗಿದ್ದಿತು. ಬೆರಳುಗಳನ್ನೂ ಕೈಯನ್ನೂ ಪ್ರಾಣವನ್ನೂ ಕಳೆದುಕೊಂಡ ಕೆಲಸಗಾರರು ಅಸಂಖ್ಯರು. ಈಲೈ ಜ್ಯಾನಿ ಎಂಬವರು ೧೮೭೩ರಲ್ಲಿ, ಮಡಿಸಿದ ಬೆರಳುಗಳು ಒಂದನ್ನೊಂದು ಹಿಡಿದುಕೊಳ್ಳುವಂತೆ ತಾನಾಗಿಯೇ ಕೂಡಿಕೊಳ್ಳುವ ಕಪ್ಲಿಂಗಿಗೆ ಹಕ್ಕುಪತ್ರ ಪಡೆದರು. ಆದರೂ ಕಂಪನಿಗಳು ಖರ್ಚಿಗೆ ಹಿಂಜರಿದವು. ೧೮೯೩ರ ಮಾರ್ಚಿಯಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಅಂಕಿತ ಹಾಕಿದ ರೈಲ್ವೆ ಸುರಕ್ಷತೆಯ ಕಾಯಿದೆ ಇಂಥ ಕಪ್ಲಿಂಗನ್ನು ಕಡ್ಡಾಯ ಮಾಡಿತು. ಕೊಟ್ಟ ಗಡುವು ಮುಂದೆ ಹೋಗಿ ೧೯೦೦ರ ಆಗಸ್ಟಿಗೆ ನಿಂತಿತು. ಆದುದರಿಂದ ಚಿತ್ರದಲ್ಲಿ ಬೆರಳಿನ ಕಪ್ಲಿಂಗ್ ಕಂಡರೆ ೧೮೭೩ ಪೂರ್ವಾವಧಿ. ದೊಡ್ಡ ಕಂಪನಿಯೊಂದರ ಸಾಮಾನ್ಯ ಗಾಡಿಯಲ್ಲಿ ಕೊಂಡಿ–ಗೂಟವೇ ಕಂಡರೆ ೧೯೦೦ ಬಹುಮಟ್ಟಿಗೆ ಉತ್ತರಾವಧಿ. ‘ಬಹುಮಟ್ಟಿಗೆ’ ಎಂಬ ಮಾತನ್ನು ನಾವು ಬೇಕೆಂದೇ ಸೇರಿಸಿದ್ದೇವೆ. ಆ ಕಾಯಿದೆ ಅನ್ವಯಿಸುತ್ತಿದ್ದುದು ಅಂತರರಾಜ್ಯ ವಾಣಿಜ್ಯದಲ್ಲಿ ತೊಡಗಿದ ರೈಲ್ವೆಗಳಿಗೆ. ಗಣಿಯೊಳಗಿನ, ತೋಪಿನೊಳಗಿನ ಚಿಕ್ಕ ಹಳಿಗಳ ಮೇಲೆ ಕೊಂಡಿ–ಗೂಟ ಇನ್ನೂ ಬಹುಕಾಲ ಬಾಳಿತು.

ಮೂರನೆಯ ಲಕ್ಷಣ ಗಾಳಿಯ ಬ್ರೇಕು. ಜಾರ್ಜ್ ವೆಸ್ಟಿಂಗ್‌ಹೌಸ್ ಇದಕ್ಕೆ ಮೊದಲ ಹಕ್ಕುಪತ್ರವನ್ನು ಪಡೆದುದು ೧೮೬೯ರ ಏಪ್ರಿಲಿನಲ್ಲಿ, ಎಂದರೆ ಪ್ರಾಮಂಟರಿಯ ಸಮಾರಂಭಕ್ಕೆ ಒಂದು ತಿಂಗಳ ಹಿಂದೆ. ಈ ಬ್ರೇಕಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು ಎಂಜಿನ್ನಿನ ಬದಿಯಲ್ಲಿ ನೆಟ್ಟಗೆ ನಿಲ್ಲಿಸಿದ ಉರುಳೆಯಂತೆ ಕಾಣುತ್ತದೆ. ಅದು ಕಂಡ ಚಿತ್ರಕ್ಕೆ ೧೮೬೯ ಪೂರ್ವಾವಧಿ. ಪ್ರಾಮಂಟರಿಯ ಎರಡು ಎಂಜಿನ್ನುಗಳಲ್ಲಿಯೂ ಅದಿಲ್ಲ, ಇರಬೇಕಾದುದೂ ಹಾಗೆಯೇ. ಆದರೆ ಪಂಪು ಇಲ್ಲವೆಂಬ ಕಾರಣದಿಂದ ಚಿತ್ರ ೧೮೬೯ಕ್ಕಿಂತ ಹಿಂದಿನದೆಂದು ಹೇಳಬರುವುದಿಲ್ಲ. ಮೊದಲು ಪ್ರಯಾಣಿಕರ ಗಾಡಿಗಳಿಗಷ್ಟೇ ಬಂದ ಈ ಬ್ರೇಕು ಸಾಮಾನುಗಾಡಿಗಳಿಗೆ ವ್ಯಾಪಕವಾಗಿ ಬಂದುದು ಮೇಲೆ ಹೇಳಿದ ೧೮೯೩ರ ಕಾಯಿದೆಯ ಆಚೀಚೆಗೆ. ಒಂದು ಭಾಗ ಇರುವಿಕೆಯಿಂದ ಸಿಗುವ ಸಾಕ್ಷ್ಯ ಬಲವಾದುದು, ಇಲ್ಲದಿರುವಿಕೆಯಿಂದ ಸಿಗುವುದು ದುರ್ಬಲವಾದುದು ಎಂಬ ಸಾಮಾನ್ಯ ಸೂತ್ರವನ್ನು ಇಲ್ಲಿಂದ ಎತ್ತಿಕೊಳ್ಳಬಹುದು.

ಚಕ್ರಗಳ ಹೊರಗಡೆ ಕಾಣುವ ಸಲಾಕೆಗಳ ಜಾಲ ನಾಲ್ಕನೆಯದು. ಉಗಿಯ ಕವಾಟಗಳನ್ನು ಆಡಿಸುವ ಯಂತ್ರಭಾಗ ಹತ್ತೊಂಬತ್ತನೆಯ ಶತಮಾನದ ಬಹುಪಾಲು ಅಮೆರಿಕನ್ ಎಂಜಿನ್ನುಗಳಲ್ಲಿ ಚೌಕಟ್ಟಿನ ಒಳಗಡೆ ಅಡಗಿದ್ದಿತು. ಬೆಲ್ಜಿಯಮಿನ ವಾಲ್ಶಾರ್ಟ್ ೧೮೪೪ರಲ್ಲಿ ರೂಪಿಸಿದ, ಹೊರಗಡೆಯೇ ಕಾಣುವ ಬಗೆ ಅಮೆರಿಕದಲ್ಲಿ ಹರಡಿದುದು ೧೯೦೪ರಿಂದ ಈಚೆಗೆ. ಆದುದರಿಂದ ದೊಡ್ಡ ಎಂಜಿನ್ನಿನಲ್ಲಿ ಹೊರಸಲಾಕೆಗಳನ್ನು ಕಂಡರೆ ಚಿತ್ರ ಇಪ್ಪತ್ತನೆಯ ಶತಮಾನದ್ದೆಂದು ಊಹಿಸುವುದು ಯುಕ್ತವೇ. ಆದರೆ ಮ್ಯಾಸಚೂಸೆಟ್ಸ್‌ನ ವಿಲಿಯಂ ಮೇಸನ್ ತಮ್ಮ ಕಾರ್ಖಾನೆಯ ಚಿಕ್ಕ ಎಂಜಿನ್ನುಗಳಲ್ಲಿ ಇದನ್ನು ೧೮೭೦ರ ದಶಕದಲ್ಲಿಯೇ ಬಳಸಿದ್ದರು. ಅಪವಾದ ಚಿಕ್ಕದಾದರೂ ಅದನ್ನು ತಿಳಿಯದವನು ಮೂವತ್ತು ವರ್ಷಗಳ ತಪ್ಪು ಮಾಡುತ್ತಾನೆ.

ಗಾಡಿಗಳಲ್ಲಿಯೂ ಇಂಥ ಗುರುತುಗಳುಂಟು. ಪ್ರಯಾಣಿಕರ ಗಾಡಿಯಿಂದ ಗಾಡಿಗೆ ಮುಚ್ಚಿದ ಹಾದಿ ಪುಲ್‌ಮನ್ ಕಂಪನಿಯಿಂದ ೧೮೮೭ರಲ್ಲಿ ಬಂದಿತು. ಅದಕ್ಕೆ ಹಿಂದೆ ತುದಿಗಳಲ್ಲಿದ್ದುದು ತೆರೆದ ಜಗಲಿ. ಮರದ ಗಾಡಿ ಬಾಗದಂತೆ ಅಡಿಯಲ್ಲಿ ಬಿಗಿಯುತ್ತಿದ್ದ ಉದ್ದನೆಯ ಕಬ್ಬಿಣದ ಸರಳುಗಳು, ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ಉಕ್ಕಿನ ಗಾಡಿಗಳು ಬಂದಂತೆ ಕ್ರಮೇಣ ಮರೆಯಾದವು.

೪

ಇಷ್ಟು ಹೊತ್ತು ನಾವು ನೋಡಿದ ಲಕ್ಷಣಗಳು ಮುಖ್ಯವಾಗಿ ಪೂರ್ವಾವಧಿಯನ್ನು ಕೊಡುವಂಥವು. ಉತ್ತರಾವಧಿಯನ್ನು ದೊರಕಿಸುವುದು ಹೆಚ್ಚು ಕಷ್ಟ. ಏಕೆಂದರೆ ಹೊಸದು ಬಂದ ದಿನ ಗೊತ್ತಿರುತ್ತದೆ, ಹಳೆಯದು ಅಳಿದ ದಿನ ಗೊತ್ತಿರುವುದಿಲ್ಲ. ಈ ಕೊರತೆಯನ್ನು ತುಂಬುವುದು ಬರೆಹ ಮತ್ತು ಅಂಕೆ.

ಯೂನಿಯನ್ ಪೆಸಿಫಿಕ್ಕಿನ ೧೧೯ಕ್ಕೆ ೧೮೮೨ರಲ್ಲಿ ೩೪೩ ಎಂಬ ಹೊಸ ಅಂಕೆ ಬಂದಿತು. ಜುಪಿಟರ್‌ನ ೬೦ ಎಂಬ ಅಂಕೆ ೧೮೯೧ರಲ್ಲಿ ೧೧೯೫ ಎಂದಾಯಿತು. ಆದುದರಿಂದ ಆ ಹಳೆಯ ಎಂಜಿನ್ನು ೧೧೯ ಎಂಬ ಅಂಕೆಯಿಂದ ಕಾಣುವ ಚಿತ್ರಕ್ಕೆ ೧೮೮೨ ಉತ್ತರಾವಧಿ. ಯಾವ ಚಿಮಣಿಯೂ ಇಷ್ಟು ಖಚಿತವಾದ ಮಾತನ್ನು ಆಡಲಾರದು. ಆದರೆ ಬಿಟ್ಟುಹೋದ ಅಂಕೆಯನ್ನು ಕಂಪನಿ ಮತ್ತೊಂದು ಎಂಜಿನ್ನಿಗೆ ಕೊಡುವುದು ರೂಢಿಯಾದುದರಿಂದ, ಅಂಕೆಯೊಡನೆ ಎಂಜಿನ್ನಿನ ಆಕಾರವನ್ನೂ ಹೋಲಿಸಲೇಬೇಕು. ಒಂದೇ ಬಿರುದನ್ನು ಹೊತ್ತ ಇಬ್ಬರು ಅರಸರನ್ನು ಒಬ್ಬನೆಂದು ಎಣಿಸಿದವರು ಪಟ್ಟ ಪಾಡು ನಮ್ಮ ವಿದ್ಯಾರ್ಥಿಗಳಿಗೆ ತಿಳಿಯದುದಲ್ಲ.

ಎಂಜಿನ್ನಿನ ಬದಿಯಲ್ಲಿ ಕೂರಿಸಿದ ತಯಾರಕರ ಫಲಕ ಓದಲು ಸಿಕ್ಕಿದರೆ ಎಂಜಿನ್ನಿನ ಹುಟ್ಟಿದ ವರ್ಷವೇ ಕೈಗೆ ಬಂದಂತೆ. ಫಿಲಡೆಲ್ಫಿಯದ ಬಾಲ್ಡ್‌ವಿನ್ ಕಾರ್ಖಾನೆಯೊಂದೇ ತನ್ನ ಬಾಳಿನಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಎಂಜಿನ್ನುಗಳನ್ನು ತಯಾರಿಸಿ ಕ್ರಮಸಂಖ್ಯೆಯಲ್ಲಿ ದಾಖಲೆ ಇಟ್ಟಿತು. ಸ್ಕೆನೆಕ್ಟಡಿ ಮೊದಲಾದ ಕಾರ್ಖಾನೆಗಳು ಕೂಡಿ ಅಮೆರಿಕನ್ ಲೋಕೊಮೋಟಿವ್ ಕಂಪನಿಯಾದುದು ೧೯೦೧ರಲ್ಲಿ. ಆ ಹೆಸರಿನ ಫಲಕವಿದ್ದರೆ ಪೂರ್ವಾವಧಿ ತಾನಾಗಿಯೇ ಸಿದ್ಧ. ೧೯೨೧ರಲ್ಲಿ ಸ್ಥಾಪಿತವಾದ ರೈಲ್ವೆ ಮತ್ತು ಲೋಕೊಮೋಟಿವ್ ಇತಿಹಾಸ ಸಂಘ ತನ್ನ ಪತ್ರಿಕೆಯ ಮೂಲಕ ಇಂಥ ಪಟ್ಟಿಗಳನ್ನು ಕಲೆಹಾಕಿ ಪ್ರಕಟಿಸಿ ಈ ಅಧ್ಯಯನಕ್ಕೆ ತಳಹದಿ ಹಾಕಿತು. ಇಪ್ಪತ್ತನೆಯ ಶತಮಾನದ ಸಾಮಾನುಗಾಡಿಗಳಲ್ಲಿ ಇನ್ನೊಂದು ಅನುಕೂಲವುಂಟು. ಗಾಡಿಯನ್ನು ಕಟ್ಟಿದ ತಿಂಗಳು ವರ್ಷಗಳನ್ನೂ, ಅದನ್ನು ಮತ್ತೆ ತೂಗಿದ ತಿಂಗಳು ವರ್ಷಗಳನ್ನೂ ಅದರ ಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚೊತ್ತುತ್ತಿದ್ದರು. ಚಿತ್ರದಲ್ಲಿ ಹತ್ತು ಗಾಡಿಗಳಿದ್ದರೆ, ಅವುಗಳ ದಿನಾಂಕಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ ಅದೇ ಇಡೀ ಚಿತ್ರದ ಪೂರ್ವಾವಧಿ. ಚಿತ್ರದ ನಡುವಣ ಹೆಮ್ಮೆಯ ಎಂಜಿನ್ನನ್ನು ಬಿಟ್ಟು ಮೂಲೆಯಲ್ಲಿ ನಿಂತ ಮಾಸಲು ವ್ಯಾಗನ್ನನ್ನು ಬೂದುಗಾಜಿನಿಂದ ನೋಡುವುದು ಅನೇಕ ವೇಳೆ ಹೆಚ್ಚು ಫಲ ಕೊಡುತ್ತದೆ.

ಕಾಗದವೂ ಮಾತನಾಡುತ್ತದೆ. ಅಂತರ್ಯುದ್ಧದ ವೆಚ್ಚಕ್ಕಾಗಿ ಅಮೆರಿಕದ ಸರ್ಕಾರ ೧೮೬೪ರ ಸೆಪ್ಟೆಂಬರ್ ೧ರಿಂದ ೧೮೬೬ರ ಆಗಸ್ಟ್ ೧ರವರೆಗೆ ಛಾಯಾಚಿತ್ರಗಳ ಮೇಲೆ ತೆರಿಗೆ ಹಾಕಿದ್ದಿತು. ಚಿತ್ರದ ಬೆನ್ನಿನಲ್ಲಿ ಆ ಕಂದಾಯದ ಸ್ಟಾಂಪು ಇದ್ದರೆ ಆ ಪ್ರತಿ ಎರಡು ವರ್ಷಗಳೊಳಗಿನದು. ೧೮೫೦ರ ದಶಕದಿಂದ ಬಳಕೆಯಲ್ಲಿದ್ದ ಒದ್ದೆ ಫಲಕದ ವಿಧಾನದಲ್ಲಿ ಬೆಳಕಿಗೆ ಒಡ್ಡುವ ಹೊತ್ತು ಸಾಮಾನ್ಯವಾಗಿ ಕೆಲವು ಸೆಕೆಂಡುಗಳಾಗಿದ್ದುದರಿಂದ ಎಂಜಿನ್ನನ್ನು ನಿಲ್ಲಿಸಿಯೇ ಚಿತ್ರ ತೆಗೆಯಬೇಕಾಗಿದ್ದಿತು. ವೇಗವಾಗಿ ಓಡುವ ರೈಲು ಮಸುಕಿಲ್ಲದೆ ಮೂಡಿದ್ದರೆ ಅದು ೧೮೮೦ರ ಈಚಿನ ಒಣ ಫಲಕದ ಕಾಲದ್ದೆಂದು ಶಂಕಿಸಬೇಕು. ಅಂಚೆಕಾರ್ಡಿನ ರೂಪದ ಚಿತ್ರದಲ್ಲಿ ಬೆನ್ನಿನ ಭಾಗ ವಿಳಾಸಕ್ಕೂ ಬರೆಹಕ್ಕೂ ಎರಡಾಗಿ ವಿಂಗಡವಾಗಿದ್ದರೆ, ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆತ ೧೯೦೭ರ ಮಾರ್ಚಿ ಆ ಕಾರ್ಡಿನ ಪೂರ್ವಾವಧಿ. ಇಲ್ಲೊಂದು ಎಚ್ಚರಿಕೆ ಅವಶ್ಯಕ. ಕಾಗದದ ಕಾಲ ಪ್ರತಿಯ ಕಾಲವೇ ಹೊರತು ಚಿತ್ರ ತೆಗೆದ ಕಾಲವಲ್ಲ. ಹಳೆಯ ಫಲಕದಿಂದ ಐವತ್ತು ವರ್ಷಗಳ ಮೇಲೂ ಹೊಸ ಪ್ರತಿಗಳನ್ನು ತೆಗೆಯಬಹುದು. ಓಲೆಯ ಕಾಲದಿಂದ ಕಾವ್ಯದ ಕಾಲವನ್ನು ಹೇಳಲಾಗದೆಂಬುದನ್ನು ಬಲ್ಲ ನಮಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

೫

ಇನ್ನು ಮೋಸಗೊಳಿಸುವ ಚಿತ್ರಗಳ ವಿಚಾರ. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟ್ ಅವರೂ ಅಲ್ಲವೆಂದು ರೈಸ್ ಅವರೂ ವಾದಿಸಿದುದು ಪ್ರಸಿದ್ಧವಾಗಿದೆ. ರೈಲ್ವೆಯ ಚಿತ್ರಗಳಲ್ಲಿಯೂ ತಾವು ಹೇಳಿಕೊಳ್ಳುವ ಕಾಲಕ್ಕೆ ಸೇರದವು ಇವೆ. ಇಲ್ಲಿ ಅಪರಾಧ ಚಿತ್ರದ್ದಲ್ಲ, ಅದಕ್ಕೆ ಹೆಸರಿಟ್ಟವರದು.

ಬಾಲ್ಟಿಮೋರ್ ಮತ್ತು ಒಹಾಯೊ ಕಂಪನಿಯ ‘ಟಾಮ್ ಥಂಬ್’ ಎಂಬ ಪುಟ್ಟ ಎಂಜಿನ್ನು ೧೮೩೦ರದು. ಅದರ ಛಾಯಾಚಿತ್ರವೆಂದು ಕೆಲವೆಡೆ ಕಾಣಿಸುವುದು ಅದರದ್ದಾಗಿರಲು ಸಾಧ್ಯವೇ ಇಲ್ಲ, ಏಕೆಂದರೆ ೧೮೩೦ರಲ್ಲಿ ಅಮೆರಿಕದಲ್ಲಿ ಛಾಯಾಗ್ರಹಣವೇ ಇರಲಿಲ್ಲ. ೧೯೨೭ರಲ್ಲಿ ಆ ಕಂಪನಿ ತನ್ನ ಶತಮಾನೋತ್ಸವದ ಪ್ರದರ್ಶನಕ್ಕೆ ಸಿದ್ಧಪಡಿಸಿಕೊಂಡಿದ್ದ ಪ್ರತಿರೂಪದ ಚಿತ್ರಗಳವು. ೧೮೩೧ರ ‘ಡಿವಿಟ್ ಕ್ಲಿಂಟನ್’ ಎಂಬುದರ ಚಿತ್ರಗಳೂ ೧೮೯೩ರ ಷಿಕಾಗೋ ವಿಶ್ವಪ್ರದರ್ಶನಕ್ಕಾಗಿ ಕಟ್ಟಿದ ಪ್ರತಿರೂಪದವು. ಜುಪಿಟರ್ ಮತ್ತು ೧೧೯ರ ಮೂಲ ಎಂಜಿನ್ನುಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಗುಜರಿಗೆ ಹೋದವು. ೧೯೭೯ರಿಂದ ಪ್ರಾಮಂಟರಿಯಲ್ಲಿ ನಿಂತಿರುವುವು ಪ್ರತಿರೂಪಗಳು. ಇವುಗಳನ್ನು ಕಪ್ಪು ಬಿಳುಪಿನಲ್ಲಿ ತೆಗೆದು ಕಂದುಬಣ್ಣಕ್ಕೆ ತಿರುಗಿಸಿದರೆ ನೂರು ವರ್ಷಗಳ ವ್ಯತ್ಯಾಸ ಕಣ್ಣಿಗೆ ಮರೆಯಾಗುತ್ತದೆ.

ಮೂಲ ಯಂತ್ರವೇ ಉಳಿದುಬಂದಾಗಲೂ ಸಮಸ್ಯೆ ತೀರುವುದಿಲ್ಲ. ೧೮೬೨ರ ಏಪ್ರಿಲಿನಲ್ಲಿ ಜಾರ್ಜಿಯದಲ್ಲಿ ಉತ್ತರದ ಸೈನಿಕರು ಅಪಹರಿಸಿಕೊಂಡುಹೋದ ‘ಜನರಲ್’ ಎಂಬ ಎಂಜಿನ್ನು ೧೮೫೫ರಲ್ಲಿ ಹುಟ್ಟಿತು, ಇಂದಿಗೂ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಯುದ್ಧಾನಂತರದ ದುರಸ್ತಿಗಳಲ್ಲಿ ಅದರ ರೂಪ ಬದಲಾಯಿತು. ದಕ್ಷಿಣದ ರೈಲ್ವೆಗಳು ೧೮೮೬ರ ಮೇ ಕೊನೆಯಲ್ಲಿ ಐದು ಅಡಿಯ ಹಳಿಗಳನ್ನು ಮೂರು ಅಂಗುಲ ಕಿರಿದುಗೊಳಿಸಿದಾಗ ಅದರ ಚಕ್ರಗಳನ್ನೂ ಬದಲಾಯಿಸಬೇಕಾಯಿತು. ಈಚಿನ ಅದರ ಚಿತ್ರವನ್ನು ತೋರಿಸಿ ‘೧೮೬೨ರಲ್ಲಿ ಹೀಗಿದ್ದಿತು’ ಎನ್ನುವುದು, ಜೀರ್ಣೋದ್ಧಾರವಾದ ಗುಡಿಯನ್ನು ತೋರಿಸಿ ಮೂಲ ಶಿಲ್ಪಿಯ ಕೈವಾಡವೆನ್ನುವುದಕ್ಕೆ ಸಮ.

ಸ್ಥಳದ ಹೆಸರಿನಲ್ಲಿಯೂ ಇಂಥ ಪ್ರಮಾದಗಳುಂಟು. ಮೇ ೧೦ರ ಚಿತ್ರದ ಕೆಳಗೆ ‘ಪ್ರಾಮಂಟರಿ ಪಾಯಿಂಟ್’ ಎಂದು ಬರೆದುದನ್ನು ಎಷ್ಟೋ ಗ್ರಂಥಗಳಲ್ಲಿ ಕಾಣಬಹುದು. ಪ್ರಾಮಂಟರಿ ಪಾಯಿಂಟ್ ಎಂಬುದು ಗ್ರೇಟ್ ಸಾಲ್ಟ್ ಸರೋವರದೊಳಕ್ಕೆ ಚಾಚಿಕೊಂಡ ಭೂಶಿರದ ತುದಿ; ಹಳಿಗಳು ಕೂಡಿದ ಪ್ರಾಮಂಟರಿ ಸಮಿಟ್ ಅಲ್ಲಿಂದ ಉತ್ತರಕ್ಕೆ ಹಲವು ಮೈಲಿ ದೂರ. ಸರೋವರವನ್ನು ದಾಟುವ ಹಾದಿ ೧೯೦೪ರಲ್ಲಿ ಆದ ಮೇಲೆಯೇ ರೈಲು ಆ ತುದಿಯ ಕಡೆಗೆ ಬಂದುದು. ತೆಗೆದವರ ಹೆಸರಿನಲ್ಲಿಯೂ ಹೀಗೆಯೇ ಆಯಿತು. ರಸೆಲರ ಹಲವು ಚಿತ್ರಗಳು ಬಹುಕಾಲ ಸ್ಯಾವೇಜರವೆಂದು ಪ್ರಚಾರದಲ್ಲಿದ್ದವು. ಈಗ ಕ್ಯಾಲಿಫೋರ್ನಿಯದ ಓಕ್ಲೆಂಡ್ ವಸ್ತುಸಂಗ್ರಹಾಲಯದಲ್ಲಿರುವ ರಸೆಲರ ಮೂಲ ಗಾಜಿನ ಫಲಕಗಳು ಕರ್ತೃತ್ವದ ಈ ಪ್ರಶ್ನೆಯನ್ನು ಬಿಡಿಸಲು ನೆರವಾದವು.

೬

ಕಾಲ, ಸ್ಥಳ, ಕರ್ತೃ ಮೂರೂ ಖಚಿತವಾದ ಮೇಲೆ ಚಿತ್ರ ಎಲ್ಲವನ್ನೂ ಹೇಳಿದಂತಾಯಿತೆ? ಹಾಗೆ ಭಾವಿಸುವುದು ತಪ್ಪೆಂಬುದನ್ನೂ ಪ್ರಾಮಂಟರಿಯೇ ತೋರಿಸುತ್ತದೆ.

೧೯೭೯ರ ಪ್ರತಿರೂಪಗಳನ್ನು ಕಟ್ಟುವಾಗ ಮೂಲ ನಕ್ಷೆಗಳು ದೊರೆಯಲಿಲ್ಲ. ಹಳೆಯ ಛಾಯಾಚಿತ್ರಗಳನ್ನು ಹಿಗ್ಗಿಸಿ, ಅಳೆದು, ಅವುಗಳಿಂದಲೇ ನಕ್ಷೆಗಳನ್ನು ಬರೆದರು. ಆಕಾರದ ಮಟ್ಟಿಗೆ ಚಿತ್ರಗಳು ಕೈಕೊಡಲಿಲ್ಲ. ಆದರೆ ಬಣ್ಣ? ಒದ್ದೆ ಫಲಕ ನೀಲಿಗೆ ಮಣಿಯುತ್ತದೆ, ಕೆಂಪಿಗೆ ಮಣಿಯುವುದಿಲ್ಲ. ನೀಲಿ ಬಿಳುಚಿಕೊಂಡೂ ಕೆಂಪು ಕಪ್ಪಾಗಿಯೂ ಮೂಡುತ್ತವೆ. ಜುಪಿಟರ್‌ಗೆ ಆಗ ಊಹೆಯ ಮೇಲೆ ಕೆಂಪು ಪ್ರಧಾನವಾದ ಬಣ್ಣವನ್ನು ಕೊಟ್ಟರು. ಆಮೇಲೆ ೧೮೬೯ರ ಮಾರ್ಚಿಯ ಸ್ಯಾಕ್ರಮೆಂಟೊ ಪತ್ರಿಕೆಯೊಂದರ ವರದಿ ಬೆಳಕಿಗೆ ಬಂದಿತು. ಜುಪಿಟರ್‌ನೊಡನೆಯೇ ಅದೇ ಕಾರ್ಖಾನೆಯಿಂದ ಬಂದ ೬೨ನೆಯ ‘ವರ್ಲ್‌ವಿಂಡ್’ ಎಂಬ ಎಂಜಿನ್ನು ನೀಲಿ ಮತ್ತು ಕಡುಗೆಂಪು ಬಣ್ಣಗಳಿಂದ, ಚಿನ್ನದ ಲೇಪದಿಂದ ಶೋಭಿಸುತ್ತಿದ್ದಿತೆಂದು ಅದರಲ್ಲಿ ವರ್ಣನೆಯಿದೆ. ಜೊತೆಯಲ್ಲಿ ಹುಟ್ಟಿದ ಜುಪಿಟರ್ ಹಾಗೆಯೇ ಇದ್ದಿರಬೇಕೆಂಬ ಊಹೆ ಇದರಿಂದ ಬಲವಾಗುತ್ತದೆ. ಎಂಜಿನ್ನಿನ ಹೆಸರಿನಲ್ಲಿ ಕಾಗದವನ್ನು ತಿದ್ದಿದ ಚಿತ್ರ ಬಣ್ಣದ ವಿಷಯದಲ್ಲಿ ತಾನೇ ಕಾಗದದ ನೆರವನ್ನು ಬೇಡುತ್ತದೆ.

ಇದಕ್ಕಿಂತ ಗುರುತರವಾದ ಇನ್ನೊಂದು ಸಂಗತಿಯಿದೆ. ಸೆಂಟ್ರಲ್ ಪೆಸಿಫಿಕ್ಕಿನ ಹಳಿಗಳನ್ನು ಸಿಯೆರಾ ನೆವಾಡ ಪರ್ವತಗಳನ್ನು ಕೊರೆದು ತಂದವರಲ್ಲಿ ಬಹುಪಾಲು ಚೀನೀ ಕೆಲಸಗಾರರು. ಅವರ ಸಂಖ್ಯೆ ಸಾವಿರಾರು. ಕೈಕುಲುಕುವ ಆ ಪ್ರಸಿದ್ಧ ಚಿತ್ರದ ಗುಂಪಿನಲ್ಲಿ ಅವರ ಮುಖಗಳು ಎದ್ದು ಕಾಣುವುದಿಲ್ಲ. ಅದೊಂದನ್ನೇ ನೋಡಿದವರು ಆ ಕಾರ್ಯ ಯಾರಿಂದಾಯಿತೆಂಬುದನ್ನು ತಪ್ಪಾಗಿ ತಿಳಿಯುತ್ತಾರೆ. ನೂರು ವರ್ಷಕ್ಕೂ ಮೇಲ್ಪಟ್ಟು ತಿಳಿದದ್ದೂ ಹಾಗೆಯೇ. ಆದರೆ ರಸೆಲರೇ ಅದೇ ಸಮಾರಂಭದಲ್ಲಿ ತೆಗೆದ ಚಿಕ್ಕ ಜೋಡಿಚಿತ್ರವೊಂದು ಕಡೆಯ ಹಳಿಯನ್ನು ಚೀನೀಯರು ಹಾಕುತ್ತಿರುವುದನ್ನು ತೋರಿಸುತ್ತದೆ. ಒಂದೇ ಕೈ, ಒಂದೇ ದಿನ. ಒಂದು ಚಿತ್ರ ಲೋಕಪ್ರಸಿದ್ಧವಾಯಿತು, ಇನ್ನೊಂದು ಸಂಗ್ರಹಗಳಲ್ಲಿ ಉಳಿಯಿತು. ೨೦೧೪ರಲ್ಲಿ ಛಾಯಾಗ್ರಾಹಕ ಕಾರ್ಕಿ ಲೀ ಚೀನೀ ಮೂಲದ ಅಮೆರಿಕನರನ್ನು ಪ್ರಾಮಂಟರಿಯ ಪ್ರತಿರೂಪ ಎಂಜಿನ್ನುಗಳ ಮುಂದೆ ನಿಲ್ಲಿಸಿ ಹೊಸ ಚಿತ್ರವನ್ನು ತೆಗೆದುದು ಈ ಲೋಪದ ಅರಿವಿನಿಂದಲೇ. ದಿನಾಂಕ ಸರಿಯಾಗಿದ್ದ ಮಾತ್ರಕ್ಕೆ ಚಿತ್ರ ಪೂರ್ಣಸತ್ಯವಾಗದು. ಅದೇ ದಿನದ ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಇಟ್ಟು ನೋಡುವುದು ಕಾಲನಿರ್ಣಯದ ನಂತರದ, ಆದರೆ ಬಿಡಬಾರದ ಹೆಜ್ಜೆ.

೭

ಇಷ್ಟು ವಿಚಾರದಿಂದ ಫಲಿಸುವ ಕ್ರಮವನ್ನು ಹೀಗೆ ಸಂಗ್ರಹಿಸಬಹುದು. ಚಿತ್ರದ ಅಡಿಬರೆಹವನ್ನು ಮೊದಲು ಮುಚ್ಚಿಟ್ಟು ಚಿತ್ರವನ್ನು ನೋಡಬೇಕು. ಹೆಸರು, ಅಂಕೆ, ಫಲಕ, ಅಚ್ಚೊತ್ತಿದ ದಿನಾಂಕಗಳನ್ನು ಹುಡುಕಬೇಕು. ಆ ಮೇಲೆ ಕಪ್ಲಿಂಗು, ಬ್ರೇಕು, ಸಲಾಕೆ, ಚಿಮಣಿಗಳನ್ನು ಬಲಾಬಲವರಿತು ಪರಿಶೀಲಿಸಬೇಕು. ಕಾಗದವನ್ನೂ ವಿಧಾನವನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಪೂರ್ವಾವಧಿ ಉತ್ತರಾವಧಿಗಳನ್ನು ಬರೆದಿಟ್ಟ ಮೇಲೆ ಅಡಿಬರೆಹವನ್ನು ತೆರೆದು, ಅದು ಆ ಮೇರೆಗಳೊಳಗೆ ಬರುತ್ತದೆಯೇ ಎಂದು ನೋಡಬೇಕು. ಅಡಿಬರೆಹವೂ ಒಬ್ಬ ಸಾಕ್ಷಿಯೇ. ಆದರೆ ಕಡೆಯಲ್ಲಿ ವಿಚಾರಿಸಬೇಕಾದ ಸಾಕ್ಷಿ.

ಈ ಕ್ರಮ ನಮ್ಮ ನಾಡಿಗೂ ಹೊರತಲ್ಲ. ಬೆಂಗಳೂರಿಗೆ ರೈಲು ಬಂದುದು ೧೮೬೪ರಲ್ಲಿ, ಮೈಸೂರಿಗೆ ೧೮೮೨ರಲ್ಲಿ. ಸದರ್ನ್ ಮರಾಠಾ ರೈಲ್ವೆ ಮದರಾಸಿನ ರೈಲ್ವೆಯೊಡನೆ ೧೯೦೮ರಲ್ಲಿ ಕೂಡಿ ಹೊಸ ಹೆಸರು ತಳೆಯಿತು. ಮೈಸೂರು ಸಂಸ್ಥಾನದ ರೈಲ್ವೆ ೧೯೫೧ರ ಏಪ್ರಿಲ್ ೧೪ರಂದು ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಎಂಜಿನ್ನಿನ ಟೆಂಡರಿನ ಮೇಲೆ ಯಾವ ಕಂಪನಿಯ ಅಕ್ಷರಗಳಿವೆಯೆಂಬುದರಿಂದಲೇ ಎಷ್ಟೋ ಚಿತ್ರಗಳಿಗೆ ಮೇರೆಗಳು ದೊರೆಯುತ್ತವೆ. ಸ್ವತಂತ್ರ ಭಾರತದ ಡಬ್ಲ್ಯು.ಪಿ. ಎಂಜಿನ್ನುಗಳಲ್ಲಿ ಮೊದಲ ಹದಿನಾರು ೧೯೪೭ರಲ್ಲಿ ಬಂದುದು ಮೇಲೆ ಹೇಳಿದ ಅದೇ ಬಾಲ್ಡ್‌ವಿನ್ ಕಾರ್ಖಾನೆಯಿಂದ. ಅಮೆರಿಕದ ತಯಾರಕರ ಪಟ್ಟಿ ನಮಗೂ ಉಪಯುಕ್ತವೆಂಬುದಕ್ಕೆ ಇದೊಂದೇ ಸಾಕು. ೧೯೭೯ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಯಂತ್ರಗಳು ಕಣ್ಣೆದುರಿಗೆ ಇವೆ. ಮನೆಮನೆಗಳ ಪೆಟ್ಟಿಗೆಗಳಲ್ಲಿ, ನಿವೃತ್ತ ರೈಲ್ವೆ ನೌಕರರ ಗೋಡೆಗಳ ಮೇಲೆ ಚಿತ್ರಗಳಿವೆ. ಆ ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಅವರಿಂದ ಕೇಳಿ, ಕೇಳಿದುದನ್ನು ಬೇರೊಂದು ಕಾಗದದಲ್ಲಿ ದಿನಾಂಕಸಹಿತ ಬರೆದಿಟ್ಟು, ಆ ಮೇಲೆ ಚಿತ್ರವನ್ನು ಪರೀಕ್ಷಿಸಿ ನೋಡುವ ಕೆಲಸವನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಕೈಗೊಳ್ಳಬಹುದು. ಪದವಿಗಾಗಿ ಬರೆಯುವ ಎಷ್ಟೋ ಪ್ರಬಂಧಗಳಿಗಿಂತ ಅದು ಮುಂದಿನ ಇತಿಹಾಸಕಾರರಿಗೆ ಹೆಚ್ಚು ನೆರವಾದೀತೆಂದು ನಮ್ಮ ನಂಬಿಕೆ.